ಊರಿನ ಈಗಿನ ಅಗಸೆ: ನಾಲ್ಕು ತಾಲೂಕುಗಳ ಬಸ್ ನಿಲ್ದಾಣಗಳು

ಒಂದು ಊರಿನ ಮರ್ಯಾದೆಯನ್ನು ಅದರ ಅಗಸೆಯಲ್ಲಿ ಕಾಣಬೇಕೆಂದು ನಮ್ಮ ಹಿರಿಯರು ತಿಳಿದಿದ್ದರು. ಅಗಸೆಯೆಂದರೆ ಬರಿಯ ಕಲ್ಲಿನ ಬಾಗಿಲಾಗಿರಲಿಲ್ಲ. ಅದರ ಮಗ್ಗುಲಲ್ಲಿ ಕಟ್ಟೆಗಳಿರುತ್ತಿದ್ದವು. ಪರಸ್ಥಳದಿಂದ ಬಂದವನು ಅಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದನು. ಊರು ಬಿಟ್ಟು ಹೋಗುವವನನ್ನು ಮನೆಯವರು ಅಲ್ಲಿಯ ವರೆಗೆ ಬಂದು ಕಳಿಸುತ್ತಿದ್ದರು. ಈಗ ಅನೇಕ ಊರುಗಳಲ್ಲಿ ಅಗಸೆಗಳು ಬಿದ್ದುಹೋಗಿವೆ, ಇಲ್ಲವೆ ಊರು ಬೆಳೆದು ಅವು ಓಣಿಗಳ ನಡುವೆ ಅಡಗಿಹೋಗಿವೆ. ಅವು ಮಾಡುತ್ತಿದ್ದ ಕೆಲಸವನ್ನು ಇಂದು ಬಸ್ ನಿಲ್ದಾಣವು ಮಾಡುತ್ತಿದೆ. ಲಗ್ನವಾದ ಮಗಳನ್ನು ಗಂಡನ ಮನೆಗೆ ಕಳಿಸುವದು ಅಲ್ಲಿಂದ. ಹುಡುಗನು ಕಾಲೇಜಿಗೆ ಹೊರಡುವದು ಅಲ್ಲಿಂದ. ರೋಗಿಯನ್ನು ಜಿಲ್ಲಾ ಆಸ್ಪತ್ರೆಗೆ ಒಯ್ಯುವದು ಅಲ್ಲಿಂದ. ಮಳೆ ಕೈಕೊಟ್ಟ ವರ್ಷ ಗುಳೆ ಹೊರಟವರು ಗಂಟುಮೂಟೆ ಕಟ್ಟಿಕೊಂಡು ಬಸ್ಸಿನ ದಾರಿ ನೋಡುತ್ತ ಕೂಡುವದೂ ಅಲ್ಲಿಯೇ. ಹಾಗಿರುವಲ್ಲಿ, ಈ ಹೊಸ ಅಗಸೆಯನ್ನು ನಾವು ಎಂಥದಾಗಿ ಕಟ್ಟಿದ್ದೇವೆ, ಅದು ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ, ಎಂಬದನ್ನು ಒಮ್ಮೆ ಶಾಂತಚಿತ್ತದಿಂದ ವಿಚಾರಿಸುವದು ಅವಶ್ಯವಾಗಿದೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲೂಕುಗಳನ್ನು ಈ ವಿಚಾರಕ್ಕೆ ಆರಿಸಿಕೊಳ್ಳಲು ಕಾರಣವುಂಟು. ಈ ಸೀಮೆಯ ಜನರಿಗೆ ಬಸ್ಸು ಒಂದು ಅನುಕೂಲವಲ್ಲ. ಬಹುಜನರ ಪಾಲಿಗೆ ಅದೊಂದೇ ದಾರಿ. ಸಿಂದಗಿ ಪಟ್ಟಣಕ್ಕೂ ಮುದ್ದೇಬಿಹಾಳ ಪಟ್ಟಣಕ್ಕೂ ರೈಲು ಇಲ್ಲ. ಹೋಟಗಿ–ಗದಗ ರೈಲುಮಾರ್ಗದಲ್ಲಿ ಇಂಡಿ, ಬಾಗೇವಾಡಿಗಳ ಹೆಸರಿನ ನಿಲ್ದಾಣಗಳಿವೆಯಾದರೂ ಅವುಗಳ ಹೆಸರು ‘ಇಂಡಿ ರೋಡ್’, ‘ಬಸವನ ಬಾಗೇವಾಡಿ ರೋಡ್’ ಎಂದಿರುವದು. ರೈಲ್ವೆಯವರ ಭಾಷೆಯಲ್ಲಿ ‘ರೋಡ್’ ಎಂಬ ಮಾತು ಸೇರಿತೆಂದರೆ, ಊರು ಇಲ್ಲಿಲ್ಲ, ಇಲ್ಲಿಂದ ಇನ್ನೂ ರಸ್ತೆ ಹಿಡಿಯಬೇಕು ಎಂದೇ ಅರ್ಥ. ಆ ರಸ್ತೆಯನ್ನು ಹಿಡಿಯುವದೂ ಬಸ್ಸಿನಿಂದಲೇ, ಇಲ್ಲವೆ ಟಂಟಂ ಗಾಡಿಯಿಂದ. ಇತ್ತೀಚಿನ ವರ್ಷಗಳಲ್ಲಿ ಈ ನಾಲ್ಕು ತಾಲೂಕುಗಳಿಂದ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲೂಕುಗಳು ಒಡೆದು ಬಂದಿವೆ. ಆಡಳಿತವು ಜನರಿಗೆ ಸಮೀಪವಾಗಲೆಂಬದೇ ಅದರ ಉದ್ದೇಶ. ಆದರೆ ಕಚೇರಿಯು ಹತ್ತಿರ ಬಂದರೂ ಅಲ್ಲಿಗೆ ಮುಟ್ಟಿಸುವ ವಾಹನವನ್ನು ಏರಲಾಗದಿದ್ದರೆ ಆ ಸಾಮೀಪ್ಯದಿಂದ ಪ್ರಯೋಜನವೇನು?

ನಮ್ಮ ವಾಚಕರಲ್ಲಿ ಹೆಚ್ಚಿನವರು ಈ ದೃಶ್ಯವನ್ನು ಕಂಡೇ ಇರುವರು. ಎಪ್ರಿಲ್ ತಿಂಗಳ ಮಧ್ಯಾಹ್ನ; ಬಿಸಿಲು ನಾಲ್ವತ್ತು ಅಂಶವನ್ನು ಮೀರಿದೆ. ಹೆದ್ದಾರಿಯಿಂದ ಹಳ್ಳಿಯ ಕಡೆಗೆ ದಾರಿ ಒಡೆಯುವ ಒಂದು ಕ್ರಾಸು. ಅಲ್ಲಿ ತಂಗುದಾಣವೊಂದು ಇದೆ. ಆದರೆ ಅದರಲ್ಲಿ ಯಾರೂ ಇಲ್ಲ. ಪಡುವಣಕ್ಕೆ ಬಾಯಿ ತೆರೆದಿರುವ ಅದರೊಳಗೆ ಬಿಸಿಲೆಲ್ಲ ತುಂಬಿಕೊಂಡಿದೆ, ತಗಡಿನ ಮಾಡು ಕಾದು ಬೆಂಕಿಯಾಗಿದೆ. ಜನರು ಅಷ್ಟು ದೂರದ ಬೇವಿನ ಗಿಡದ ನೆರಳಿಗೆ ಹೋಗಿ ನಿಂತಿದ್ದಾರೆ. ಬಸ್ಸು ಬರುತ್ತದೆ, ತಂಗುದಾಣದ ಮುಂದೂ ನಿಲ್ಲದೆ ಗಿಡದ ಮುಂದೂ ನಿಲ್ಲದೆ, ನಡುವೆ ಎಲ್ಲಿಯೋ ನಿಲ್ಲುತ್ತದೆ. ಗಟ್ಟಿಮುಟ್ಟಾದವರು ಓಡುತ್ತಾರೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡವಳು ಅರೆ ಓಡುತ್ತಾಳೆ. ಊರುಗೋಲಿನವನು ನಡೆಯುತ್ತಾನೆ. ಮುದುಕಿಯು ಮೆಟ್ಟಿಲಿನ ಹತ್ತಿರ ಬಂದು, ರಸ್ತೆಯ ಅಂಚಿನ ತಗ್ಗಿನಲ್ಲಿ ನಿಂತು, ಮೊಣಕಾಲಿಗಿಂತ ಎತ್ತರವಾದ ಮೊದಲ ಮೆಟ್ಟಿಲನ್ನು ನೋಡಿ, ‘ಯಪ್ಪಾ, ಕೈ ಹಿಡಿ’ ಎಂದು ಯಾರನ್ನಾದರೂ ಬೇಡಿಕೊಳ್ಳುತ್ತಾಳೆ. ಕೈ ಹಿಡಿಯುವವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ, ಅದು ನಮ್ಮ ಪುಣ್ಯ. ಆದರೆ ಪರರ ದಯೆಯಿಂದ ದಿನನಿತ್ಯ ನಡೆಯುವ ಕಾರ್ಯವನ್ನು ವ್ಯವಸ್ಥೆಯೆಂದು ಕರೆಯುವದು ಸಾಧ್ಯವಿಲ್ಲ.

ಪ್ರವಾಸಿಕನ ಕಷ್ಟವನ್ನು ಅರಿತು ಕಟ್ಟುವ ವಿದ್ಯೆಯು ನಮಗೆ ಹೊಸದೇನೂ ಅಲ್ಲ. ಹಳೆಯ ಹಾದಿಗಳ ಮಗ್ಗುಲಲ್ಲಿ ಎರಡು ಕಲ್ಲು ನಿಲ್ಲಿಸಿ, ಮೇಲೊಂದು ಕಲ್ಲು ಅಡ್ಡ ಹಾಕಿ, ಹೊರೆ ಇಳಿಸಲು ಕಲ್ಲುಗಳನ್ನು ಕಟ್ಟುತ್ತಿದ್ದರು. ಅದರ ಎತ್ತರವು ತಲೆಹೊರೆ ಹೊತ್ತವನ ಎದೆ-ಹೆಗಲುಗಳ ಮಟ್ಟಕ್ಕೆ ಇರುತ್ತಿತ್ತು. ಒಬ್ಬಂಟಿಯಾಗಿ ಬಂದ ಹೊರೆಯವನು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ವಿಶ್ರಮಿಸಿ, ಮತ್ತೆ ತಾನೇ ತಲೆಗೇರಿಸಿಕೊಂಡು ಹೋಗಬಹುದಾಗಿತ್ತು. ಅದನ್ನು ಯೋಜಿಸಿದವನು ಕೈಬೀಸಿಕೊಂಡು ನಡೆಯುವವನನ್ನು ಅಳತೆಗೆ ಹಿಡಿಯಲಿಲ್ಲ; ಅತಿ ಹೆಚ್ಚು ಭಾರ ಹೊತ್ತವನನ್ನು ಹಿಡಿದನು. ನಮ್ಮ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ೧೬೨೦ರಲ್ಲಿ ಕಟ್ಟಿದ ತಾಜ ಬಾವಡಿಯನ್ನು ನೋಡಿದವರು, ನೀರಿನ ಸುತ್ತ ದಾರಿಗರು ತಂಗಲೆಂದು ಮಾಡಿದ ಕಮಾನುಗಳ ಸಾಲನ್ನು ಕಂಡಿರಬಹುದು. ಇಬ್ರಾಹಿಮ ರೋಜಾದ ಅಗಲವಾದ ಛಜ್ಜೆಗಳು ಈ ನಾಡಿನ ಬಿಸಿಲನ್ನು ಬಲ್ಲವರ ಕೈಕೆಲಸ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವ ಧರ್ಮವಂತೂ ಇಂದಿಗೂ ನಮ್ಮಲ್ಲಿ ಉಳಿದಿದೆ. ಆದುದರಿಂದ ಪ್ರವಾಸಿಕನ ಸೌಕರ್ಯವೆಂಬದು ಪರದೇಶದಿಂದ ತಂದ ಶೋಕಿಯೆಂದು ಯಾರೂ ತಿಳಿಯಬೇಕಾಗಿಲ್ಲ. ಹೊರೆಗಲ್ಲಿನ ತತ್ತ್ವವನ್ನು ಬಸ್ಸಿನ ಕಟ್ಟೆಗೆ ಅನ್ವಯಿಸಬೇಕೆಂಬದೇ ಈ ಲೇಖನದ ಒಟ್ಟು ತಾತ್ಪರ್ಯ: ಅತ್ಯಂತ ಕಷ್ಟದಿಂದ ಬರುವವನು ಯಾವನೋ ಅವನೇ ಅಳತೆಯಾಗಬೇಕು.

ಸಾರ್ವಜನಿಕ ಸಾರಿಗೆಯ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಿದರೆ ಒಂದು ಸೋಜಿಗವು ಕಾಣುವದು. ೧೯೪೮ರಲ್ಲಿ ಮುಂಬಯಿ ಸರಕಾರವು ಮೋಟಾರು ಸಾರಿಗೆಯನ್ನು ತನ್ನ ಕೈಗೆ ತೆಗೆದುಕೊಳ್ಳತೊಡಗಿದಾಗ ನಮ್ಮ ಜಿಲ್ಲೆಯು ಆ ಪ್ರಾಂತಕ್ಕೆ ಸೇರಿತ್ತು. ೧೯೫೬ ನವೆಂಬರ ೧ರಂದು ಕನ್ನಡನಾಡು ಒಂದಾಯಿತು. ೧೯೬೧ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮವು ಹುಟ್ಟಿತು. ೨೦೦೦ದಲ್ಲಿ ಅದರಿಂದ ಕಲಬುರಗಿಯನ್ನು ಕೇಂದ್ರವಾಗಿ ಉಳ್ಳ ಈಶಾನ್ಯ ನಿಗಮವು ಬೇರೆಯಾಯಿತು. ೨೦೨೧ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂದು ನಾಮಕರಣವಾಯಿತು. ಬಸ್ಸಿನ ಮೈಮೇಲಿನ ಹೆಸರು ಇಷ್ಟು ಸಲ ಬದಲಾಯಿತು. ಅದನ್ನು ಏರುವ ಮುದುಕಿಯ ಕಷ್ಟ ಮಾತ್ರ ಇದ್ದಂತೆಯೇ ಉಳಿಯಿತು. ರಸ್ತೆಗಳು ಡಾಂಬರು ಕಂಡವು, ಬಸ್ಸುಗಳು ವೇಗವಾದವು, ಟಿಕೀಟು ಕೊಡುವ ಯಂತ್ರಗಳು ಬಂದವು. ಆದರೆ ಭೂಮಿಗೂ ಮೆಟ್ಟಿಲಿಗೂ ನಡುವಿನ ಆ ಒಂದೂವರೆ ಅಡಿಯ ಅಂತರದ ಕಡೆಗೆ ಯಾರ ಲಕ್ಷ್ಯವೂ ಹೋಗಲಿಲ್ಲ.

ಸರಕಾರಕ್ಕೆ ಔದಾರ್ಯವಿಲ್ಲವೆಂದು ನಾವು ಹೇಳುವದಿಲ್ಲ. ೨೦೨೩ ಜೂನ ೧೧ರಿಂದ ‘ಶಕ್ತಿ’ ಯೋಜನೆಯ ಮೇರೆಗೆ ಈ ನಾಡಿನ ಸ್ತ್ರೀಯರು ಸಾಮಾನ್ಯ ಬಸ್ಸುಗಳಲ್ಲಿ ಹಣವಿಲ್ಲದೆ ಪ್ರವಾಸ ಮಾಡುತ್ತಿದ್ದಾರೆ. ಹೊಲದ ಕೂಲಿಯವಳು, ಸಂತೆಗೆ ಕಾಯಿಪಲ್ಲೆ ಒಯ್ಯುವವಳು, ತವರಿಗೆ ಹೋಗುವವಳು ಎಲ್ಲರೂ ಬಸ್ಸಿನ ಕಡೆಗೆ ಬಂದಿದ್ದಾರೆ. ಅಂಗವಿಕಲರಿಗೆ ತಮ್ಮ ವಾಸಸ್ಥಳದಿಂದ ೧೦೦ ಕಿಲೋಮೀಟರಿನ ವರೆಗೆ ರಿಯಾಯತಿ ಪಾಸು ಇದೆ. ಲೆಕ್ಕ ಹಾಕಿ ನೋಡಿರಿ: ವಿಜಯಪುರಕ್ಕೆ ಬಾಗೇವಾಡಿಯು ಸುಮಾರು ೪೫, ಇಂಡಿಯು ಸುಮಾರು ೫೫, ಸಿಂದಗಿಯು ಸುಮಾರು ೬೦, ಮುದ್ದೇಬಿಹಾಳವು ಸುಮಾರು ೮೦ ಕಿಲೋಮೀಟರು. ಅಂದರೆ ಈ ನಾಲ್ಕು ಪಟ್ಟಣಗಳ ಯಾವ ಅಂಗವಿಕಲನಾದರೂ ಜಿಲ್ಲಾ ಆಸ್ಪತ್ರೆಗೂ ಜಿಲ್ಲಾ ಕಚೇರಿಗೂ ಪಾಸಿನ ಬಲದಿಂದ ಹೋಗಿಬರಬಹುದು. ಪಾಸು ಅವನ ಕಿಸೆಯಲ್ಲಿದೆ. ಬಸ್ಸು ಅವನ ಕಣ್ಣೆದುರಿಗೆ ಇದೆ. ನಡುವೆ ಚರಂಡಿ, ಕಲ್ಲುರಾಶಿ, ಎತ್ತರದ ಕಟ್ಟೆ, ಅದರ ಮುಂದೆ ಸಾಲಾಗಿ ನಿಲ್ಲಿಸಿದ ಮೋಟಾರು ಸೈಕಲ್ಲುಗಳು. ಪ್ರವಾಸದ ಬೆಲೆಯನ್ನು ಸರಕಾರವು ಮನ್ನಿಸಿತು; ನಿಲ್ದಾಣದ ಸುಂಕವನ್ನು ಅವನ ದೇಹವು ಇನ್ನೂ ಕೊಡುತ್ತಲೇ ಇದೆ.

ಈ ವಿಷಯದಲ್ಲಿ ಕಾಯದೆಯು ಮೌನವಾಗಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯದೆಯು ೨೦೧೬ರಲ್ಲಿ ಆಯಿತು. ಅದರ ೪೧ನೆಯ ಕಲಮಿನಲ್ಲಿ ಸರಕಾರವು ಸೌಕರ್ಯ ಒದಗಿಸಬೇಕಾದ ಸ್ಥಳಗಳನ್ನು ಹೆಸರಿಸುವಾಗ ಮೊದಲು ಬರುವ ಹೆಸರು ಬಸ್ ನಿಲ್ದಾಣದ್ದು. ರೈಲು ನಿಲ್ದಾಣ, ವಿಮಾನ ನಿಲ್ದಾಣಗಳು ಆ ಮೇಲೆ ಬರುತ್ತವೆ. ೪೫ನೆಯ ಕಲಮು ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಎಲ್ಲರಿಗೂ ಸುಗಮವಾಗುವಂತೆ ಮಾರ್ಪಡಿಸಬೇಕೆಂದು ವಿಧಿಸಿತು. ನಿಯಮಗಳು ೨೦೧೭ರ ಜೂನದಲ್ಲಿ ಪ್ರಕಟವಾದವು. ಆ ಐದು ವರ್ಷಗಳು ೨೦೨೨ರಲ್ಲಿಯೇ ಮುಗಿದುಹೋದವು. ೨೦೨೪ ನವೆಂಬರ ೮ರಂದು ಸುಪ್ರೀಮ ಕೋರ್ಟು ರಾಜೀವ ರತೂರಿಯವರ ಪ್ರಕರಣದಲ್ಲಿ, ಇಂಥ ಮಾನದಂಡಗಳನ್ನು ಕೇವಲ ಸಲಹೆಯ ರೂಪದಲ್ಲಿ ಇಟ್ಟ ನಿಯಮವು ಮೂಲ ಕಾಯದೆಗೆ ವಿರುದ್ಧವೆಂದು ತೀರ್ಪಿತ್ತು, ಕಡ್ಡಾಯವಾದ ನಿಯಮಗಳನ್ನು ಮೂರು ತಿಂಗಳಲ್ಲಿ ರಚಿಸಬೇಕೆಂದು ಕೇಂದ್ರ ಸರಕಾರಕ್ಕೆ ಆಜ್ಞಾಪಿಸಿತು. ಆದ್ದರಿಂದ ಇಳಿಜಾರು ಮಾಡುವದೂ ಬಿಡುವದೂ ಗುತ್ತಿಗೆದಾರನ ಮರ್ಜಿಗೆ ಬಿಟ್ಟ ಮಾತೆಂಬ ಭಾವನೆಗೆ ಇನ್ನು ಎಡೆಯಿಲ್ಲ. ಬೇಡುವವನಿಗೆ ಕೊಡುವ ಭಿಕ್ಷೆಯಲ್ಲಿ ವಿಳಂಬವಾದರೆ ಅದು ಜಿಪುಣತನ. ಹಕ್ಕುಳ್ಳವನಿಗೆ ಕೊಡುವದರಲ್ಲಿ ವಿಳಂಬವಾದರೆ ಅದು ಕಾಯದೆಯ ಭಂಗ.

ಹಾಗಾದರೆ ಕೆಲಸವು ಏಕೆ ಆಗುವದಿಲ್ಲ? ಹಣದ ಕೊರತೆಯೆಂಬ ಉತ್ತರವು ಸುಲಭವಾದದ್ದು. ಆದರೆ ಅದು ಪೂರ್ಣವಾದುದಲ್ಲ. ಮುಖ್ಯ ದೋಷವು ಒಡೆತನದ ಗೊಂದಲದಲ್ಲಿದೆ. ತಾಲೂಕ ಸ್ಥಳದ ದೊಡ್ಡ ನಿಲ್ದಾಣವು ಸಾರಿಗೆ ನಿಗಮದ್ದು. ಅದರ ಹೊರಗಿನ ಚರಂಡಿ, ಕಾಲುದಾರಿಗಳು ಪುರಸಭೆಯವು. ಹೆದ್ದಾರಿಯು ರಾಷ್ಟ್ರೀಯವಾದರೆ ಒಂದು ಇಲಾಖೆಗೆ, ರಾಜ್ಯದ್ದಾದರೆ ಲೋಕೋಪಯೋಗಿ ಇಲಾಖೆಗೆ, ಹಳ್ಳಿಯ ರಸ್ತೆಯಾದರೆ ಪಂಚಾಯತಿಗೆ ಸೇರುವದು. ಕ್ರಾಸಿನ ತಂಗುದಾಣವನ್ನು ಕಟ್ಟುವದು ಬಹುವಾಗಿ ಶಾಸಕರ ಇಲ್ಲವೆ ಸಂಸದರ ಪ್ರದೇಶಾಭಿವೃದ್ಧಿ ನಿಧಿಯಿಂದ. ಬಸ್ಸನ್ನು ಎಲ್ಲಿ ನಿಲ್ಲಿಸುವದೆಂಬದು ಆಯಾ ದಿನದ ಡ್ರೈವರನ ಕೈಯಲ್ಲಿ. ಹೀಗೆ ಐದಾರು ಒಡೆಯರಿರುವ ವಸ್ತುವಿಗೆ ನಿಜವಾದ ಒಡೆಯನು ಯಾವನೂ ಇಲ್ಲ. ಕಟ್ಟಿದವರ ಹೆಸರನ್ನು ದೊಡ್ಡ ಅಕ್ಷರಗಳಿಂದ ಬರೆಸುವ ಪದ್ಧತಿಯಿದೆ. ನಾಳೆ ಕಟ್ಟೆ ಒಡೆದರೆ, ದೀಪ ಕೆಟ್ಟರೆ, ಯಾರಿಗೆ ಹೇಳಬೇಕೆಂಬ ಒಂದು ಸಾಲು ಮಾತ್ರ ಅಲ್ಲಿ ಕಾಣುವದಿಲ್ಲ. ಊರಿನ ಹೆಸರಾದರೂ ದಾತೃವಿನ ಹೆಸರಿನಷ್ಟು ದೊಡ್ಡದಾಗಿ ಇದ್ದರೆ ಪರಸ್ಥಳದವನಿಗೆ ತಾನು ಎಲ್ಲಿ ಇಳಿದೆನೆಂದು ತಿಳಿದೀತು!

೨೦೨೨ರಲ್ಲಿ ಮೈಸೂರಿನ ಒಂದು ಬಸ್ ತಂಗುದಾಣದ ಮೇಲಿದ್ದ ಗುಮ್ಮಟಗಳ ವಿಷಯವಾಗಿ ನಾಡಿನಲ್ಲೆಲ್ಲ ದೊಡ್ಡ ವಾದವೆದ್ದದ್ದು ವಾಚಕರ ನೆನಪಿನಲ್ಲಿರಬಹುದು. ತಂಗುದಾಣದ ತಲೆಯ ಮೇಲೆ ಏನಿರಬೇಕೆಂಬ ಬಗ್ಗೆ ಪತ್ರಿಕೆಗಳೂ ಮುಂದಾಳುಗಳೂ ಅನೇಕ ದಿನ ಚರ್ಚಿಸಿದರು. ಅದರ ಕಾಲಿನ ಬುಡದಲ್ಲಿ ಏನಿರಬೇಕೆಂದು ಅಷ್ಟೇ ಆಸ್ಥೆಯಿಂದ ಕೇಳಿದವರು ವಿರಳ. ಗಾಲಿಕುರ್ಚಿಯು ಅದರೊಳಗೆ ಬರಬಲ್ಲದೇ? ಕಣ್ಣು ಕಾಣದವನು ಅದನ್ನು ಹುಡುಕಬಲ್ಲನೇ? ಇವು ತಂಗುದಾಣದ ನಿಜವಾದ ಪ್ರಶ್ನೆಗಳು.

ಇನ್ನು ಮಾಡಬೇಕಾದದ್ದೇನೆಂಬದನ್ನು ಸ್ಪಷ್ಟವಾಗಿ ಹೇಳೋಣ. ಮೊದಲನೆಯದು ಸ್ಥಳದ ಆಯ್ಕೆ. ತಂಗುದಾಣವು ಇರುವಲ್ಲಿ ಬಸ್ಸು ನಿಲ್ಲಬೇಕು. ಇಲ್ಲವೆ ಬಸ್ಸು ನಿಲ್ಲುವಲ್ಲಿ ತಂಗುದಾಣವಿರಬೇಕು. ರಸ್ತೆಯ ಮೇಲೆ ಬಳಿದ ಒಂದು ಹಳದಿ ಪಟ್ಟಿಯೂ ನಿಗಮದ ಒಂದು ಖಂಡಿತವಾದ ಆಜ್ಞೆಯೂ ಇದಕ್ಕೆ ಸಾಕು. ಕ್ರಾಸಿನ ಮೂಲೆಗೇ ಹತ್ತಿ ಬಸ್ಸು ನಿಂತರೆ ಅಡ್ಡ ಬರುವ ವಾಹನಗಳು ಕಾಣುವದಿಲ್ಲ. ಆದುದರಿಂದ ನಿಲುಗಡೆಯು ತಿರುವಿನಿಂದ ಸಾಕಷ್ಟು ಮುಂದೆ, ರಸ್ತೆಯ ಅಂಚನ್ನು ಬಿಟ್ಟು ಒಳಗೆ ಸರಿದ ಜಾಗದಲ್ಲಿ ಇರಬೇಕು. ಹಳ್ಳಿಗಾಡಿನ ಹೆದ್ದಾರಿಗಳ ಬಸ್ ನಿಲುಗಡೆ ಹೇಗಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸು ೧೯೮೧ರಷ್ಟು ಹಿಂದೆಯೇ ಮಾದರಿ ನಕಾಶೆಗಳನ್ನು ಪ್ರಕಟಿಸಿದೆ. ನಮ್ಮ ಇಂಜಿನಿಯರರು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ಹೊರ್ತಿ, ಝಳಕಿಗಳ ಮೇಲಿಂದ ಸೊಲ್ಲಾಪುರಕ್ಕೆ ಹೋಗುವ ೫೨ನೆಯ ರಾಷ್ಟ್ರೀಯ ಹೆದ್ದಾರಿಯಾಗಲಿ, ಸಿಂದಗಿಯ ಮೂಲಕ ಕಲಬುರಗಿಯ ಕಡೆಗೆ ಹೋಗುವ ೫೦ನೆಯದಾಗಲಿ, ಅವುಗಳ ಮೇಲೆ ವಾಹನಗಳ ವೇಗವು ಬೆಳೆದಷ್ಟೂ ರಸ್ತೆ ದಾಟುವವನ ಪ್ರಾಣಭಯವೂ ಬೆಳೆಯುವದು. ಬೆಳಿಗ್ಗೆ ಹೋಗುವಾಗ ಈ ಮಗ್ಗುಲಿನಲ್ಲಿ ಏರಿದವನು ಸಾಯಂಕಾಲ ಬರುವಾಗ ಆ ಮಗ್ಗುಲಿನಲ್ಲಿ ಇಳಿಯುತ್ತಾನೆಂಬ ಸಣ್ಣ ಮಾತನ್ನು ಮರೆತು ಕಟ್ಟಿದ ಹೆದ್ದಾರಿಯು ಹಳ್ಳಿಯ ಪಾಲಿಗೆ ಗೋಡೆಯಾಗಿ ಪರಿಣಮಿಸುವದು.

ಎರಡನೆಯದು ನೆಲ. ನಮ್ಮದು ಯರಿ ಭೂಮಿ. ನೀರು ಬಿದ್ದರೆ ಅದು ಉಬ್ಬುವದು. ಒಣಗಿದರೆ ಕೈ ಹಿಡಿಯುವಷ್ಟು ಬಿರುಕು ಬಿಡುವದು. ಅಂಥ ಮಣ್ಣಿನ ಮೇಲೆ ತೆಳ್ಳಗೆ ಹಾಸಿದ ಕಾಂಕ್ರೀಟು ಎರಡು ಮಳೆಗಾಲಕ್ಕೆ ಒಡೆಯುವದು; ಸೆಪ್ಟೆಂಬರದ ಮಳೆಯಲ್ಲಿ ತಂಗುದಾಣಕ್ಕೂ ಡಾಂಬರಿಗೂ ನಡುವಿನ ಹತ್ತು ಹೆಜ್ಜೆಯ ಕೆಸರಿನಲ್ಲಿ ಊರುಗೋಲು ಹೂತುಹೋಗುವದು. ಯರಿಮಣ್ಣನ್ನು ಅಗೆದು ತೆಗೆದು, ಗರಸು ತುಂಬಿ, ಚೆನ್ನಾಗಿ ದಮ್ಮಸು ಮಾಡಿ, ನೀರು ಹರಿದುಹೋಗುವ ಇಳುಕಲು ಕೊಟ್ಟು, ಮೇಲೆ ಜಾರದಂಥ ಒರಟು ಫರಸಿಯನ್ನು ಹಾಸಬೇಕು. ನುಣುಪಾದ ಹೊಳೆಯುವ ಬಿಲ್ಲೆಗಳು ಉದ್ಘಾಟನೆಯ ದಿನ ಚೆಂದ ಕಾಣುವವು; ಮಳೆಯ ದಿನ ಕಾಲು ಮುರಿಯುವವು.

ಮೂರನೆಯದು ಎತ್ತರ. ಬಸ್ಸು ಬಂದು ನಿಲ್ಲುವ ಅಂಚಿನ ಕಟ್ಟೆಯನ್ನು ರಸ್ತೆಗಿಂತ ಸುಮಾರು ಒಂದು ಗೇಣು ಏರಿಸಿದರೆ ಮೊದಲ ಮೆಟ್ಟಿಲಿನ ಕಷ್ಟವು ಅರ್ಧಕ್ಕೆ ಇಳಿಯುವದು. ಆದರೆ ಆ ಕಟ್ಟೆಯನ್ನು ಏರಲು ಇಳಿಜಾರು ಬೇಕು. ಅದರ ಲೆಕ್ಕವು ಸರಳವಾಗಿದೆ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಅಗಲವು ನಾಲ್ಕು ಅಡಿಗೆ ಕಡಿಮೆಯಿರಬಾರದು, ಎರಡೂ ಬದಿಗೆ ಕೈಹಿಡಿ. ಹಲವೆಡೆ ಇಳಿಜಾರುಗಳನ್ನು ಕಟ್ಟಿಲ್ಲವೆಂದಲ್ಲ. ಕಾಗದದ ಮೇಲೆ ತೋರಿಸಲಿಕ್ಕೆಂದು ಒಂದು ಅಡಿಗೆ ಮೂರೋ ನಾಲ್ಕೋ ಅಡಿಯಲ್ಲಿ ಮುಗಿಸಿದ ಇಳಿಜಾರು ಗಾಲಿಕುರ್ಚಿಯವನಿಗೆ ಜಾರುಗುಂಡಿಯಾಗುವದು. ಅಳತೆ ತಪ್ಪಿದ ಇಳಿಜಾರು ಇಲ್ಲದಿರುವದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಕೆಲಸ ಮುಗಿಯಿತೆಂಬ ಸುಳ್ಳು ಲೆಕ್ಕವನ್ನು ಹುಟ್ಟಿಸುತ್ತದೆ.

ನಾಲ್ಕನೆಯದು ನೆರಳು, ಆಸನ, ಬೆಳಕು, ನೀರು. ಪಡುವಣದ ಮಗ್ಗುಲನ್ನು ಮುಚ್ಚಿ, ಗಾಳಿಯಾಡಲು ಜಾಲಂಧ್ರ ಬಿಡಬೇಕು. ಮಾಡು ಎತ್ತರವಾಗಿಯೂ ಮುಂಚಾಚಿಯೂ ಇರಬೇಕು. ಈ ಸೀಮೆಯ ಕಲ್ಲು ಅಗ್ಗವಾಗಿ ಸಿಗುವಲ್ಲಿ ತಗಡಿನ ಕುರ್ಚಿಗಳೇಕೆ? ಒಂದೂವರೆ ಅಡಿ ಎತ್ತರದ ಕಲ್ಲಿನ ಆಸನ, ಏಳುವಾಗ ಹಿಡಿದುಕೊಳ್ಳಲು ತೋಳು, ಗಾಲಿಕುರ್ಚಿಯು ನಿಲ್ಲುವಷ್ಟು ಖಾಲಿ ಜಾಗ, ಇಷ್ಟು ಸಾಕು. ಮಗ್ಗುಲಲ್ಲಿ ಎರಡು ಬೇವಿನ ಸಸಿ ನೆಟ್ಟು ಐದು ವರ್ಷ ಕಾಪಾಡಿದರೆ ಅವು ಮಾಡಿಗಿಂತ ಹೆಚ್ಚಿನ ತಂಪು ಕೊಡುವವು. ಕತ್ತಲಾದ ಮೇಲೆ ಕ್ರಾಸಿನಲ್ಲಿ ಇಳಿಯುವ ಕಾಲೇಜಿನ ಹುಡುಗಿಗೆ ಒಂದು ಸೌರದೀಪವು ಎಷ್ಟು ದೊಡ್ಡ ರಕ್ಷಣೆಯೆಂಬದನ್ನು ಅವಳ ತಂದೆತಾಯಿಗಳನ್ನು ಕೇಳಬೇಕು. ಆ ದೀಪವಿಲ್ಲದ ಕಾರಣಕ್ಕೆ ಹೆಣ್ಣುಮಕ್ಕಳ ವಿದ್ಯೆಯು ಅರ್ಧಕ್ಕೆ ನಿಲ್ಲಬಾರದು. ದೊಡ್ಡ ನಿಲ್ದಾಣಗಳಲ್ಲಿ ಸ್ತ್ರೀಯರ ಶೌಚಗೃಹವು ಇದ್ದರಷ್ಟೇ ಸಾಲದು; ಅದಕ್ಕೆ ನೀರಿರಬೇಕು, ಬೀಗವಿರಬಾರದು, ಅದರಲ್ಲೊಂದರ ಬಾಗಿಲಾದರೂ ಗಾಲಿಕುರ್ಚಿ ಹಿಡಿಸುವಷ್ಟು ಅಗಲವಿರಬೇಕು.

ಐದನೆಯದು ತಿಳಿವಳಿಕೆ. ಊರ ಹೆಸರು, ಬಸ್ಸುಗಳ ವೇಳೆ, ಅವು ಹೋಗುವ ದಾರಿ, ಇವು ದೊಡ್ಡ ಕನ್ನಡ ಅಕ್ಷರಗಳಲ್ಲಿ, ಹಳದಿಯ ಮೇಲೆ ಕಪ್ಪಿನಿಂದ, ಕುಳಿತವನ ಕಣ್ಣಿನ ಮಟ್ಟಕ್ಕೆ ಇರಬೇಕು. ಓದಲು ಬಾರದವರಿಗಾಗಿಯೂ ಕಣ್ಣು ಕಾಣದವರಿಗಾಗಿಯೂ ತಾಲೂಕ ನಿಲ್ದಾಣಗಳಲ್ಲಿ ಪ್ರತಿಯೊಂದು ಬಸ್ಸಿನ ಹೆಸರನ್ನೂ ಕಟ್ಟೆಯ ಸಂಖ್ಯೆಯನ್ನೂ ಸ್ಪಷ್ಟವಾಗಿ ಸಾರಬೇಕು. ಸಾರಿದ ಮೇಲೆ ಬಸ್ಸು ಅದೇ ಕಟ್ಟೆಗೆ ಬರಬೇಕು. ಬೆರಳಷ್ಟು ಉಬ್ಬಿದ ಗೆರೆಗಳುಳ್ಳ ಹಾಸುಬಿಲ್ಲೆಗಳನ್ನು ದಾರಿಯುದ್ದಕ್ಕೂ ಹಾಕುವ ಪದ್ಧತಿಯೊಂದಿದೆ. ಗೆರೆ ಇದ್ದರೆ ನಡೆ, ಚುಕ್ಕೆ ಇದ್ದರೆ ನಿಲ್ಲು ಎಂದು ಕಾಲು ತಾನೇ ಓದಿಕೊಳ್ಳುವದು. ಜಪಾನದ ಸೇಯಿಚಿ ಮಿಯಾಕೆ ಎಂಬವರು ಇದನ್ನು ಕಂಡುಹಿಡಿದರು. ೧೯೬೭ರಲ್ಲಿ ಅಲ್ಲಿಯ ಒಕಾಯಾಮಾ ನಗರದ ರಸ್ತೆಯೊಂದರಲ್ಲಿ ಮೊದಲು ಹಾಸಿದರು. ಇಂದು ಅದು ಜಗತ್ತಿನ ಬಹುಭಾಗಕ್ಕೆ ಹಬ್ಬಿದೆ. ಆದರೆ ಆ ಬಿಲ್ಲೆಗಳ ಮೇಲೆಯೇ ಹಣ್ಣಿನ ಬುಟ್ಟಿಯನ್ನೂ ಗಾಡಿಯನ್ನೂ ನಿಲ್ಲಿಸಲು ಬಿಟ್ಟರೆ ಅವುಗಳಿಂದ ಲಾಭಕ್ಕಿಂತ ಅಪಾಯವೇ ಹೆಚ್ಚು. ಹಣ್ಣಿನವನನ್ನು ಓಡಿಸಬೇಕೆಂದು ನಾವು ಹೇಳುವದಿಲ್ಲ. ಅವನ ಹೊಟ್ಟೆಪಾಡೂ ನಿಲ್ದಾಣದಲ್ಲಿಯೇ ಇದೆ. ಅವನಿಗೆ ಜಾಗ ಗೊತ್ತುಮಾಡಿ ಕೊಟ್ಟರೆ ದಾರಿಯು ತಾನಾಗಿಯೇ ತೆರವಾಗುವದು.

ಇದಕ್ಕೆ ಆಕ್ಷೇಪಿಸುವವರ ಮಾತುಗಳನ್ನೂ ಕೇಳಬೇಕು. ‘ಗಾಲಿಕುರ್ಚಿಯವರು ನಮ್ಮ ನಿಲ್ದಾಣಕ್ಕೆ ಬರುವದೇ ಇಲ್ಲವಲ್ಲ, ಯಾರಿಗಾಗಿ ಈ ಖರ್ಚು?’ ಎಂದು ಕೆಲವರು ಕೇಳುವರು. ಬರುವದಿಲ್ಲವೆಂಬದು ನಿಜ, ಬರಲು ದಾರಿಯಿಲ್ಲದ್ದರಿಂದ ಬರುವದಿಲ್ಲ. ಸೇತುವೆಯಿಲ್ಲದ ಹೊಳೆಯನ್ನು ಯಾರೂ ದಾಟುತ್ತಿಲ್ಲವೆಂದು ಹೇಳಿ ಸೇತುವೆ ಬೇಡವೆನ್ನುವದು ಎಂಥ ತರ್ಕ? ೨೦೧೧ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆಯು ೧೩ ಲಕ್ಷವನ್ನು ಮೀರಿತ್ತು. ಅದೂ ಹಿಂದಿನ ಕಾಯದೆಯು ಕೇವಲ ಏಳು ಬಗೆಯ ವೈಕಲ್ಯಗಳನ್ನು ಒಪ್ಪಿಕೊಂಡಿದ್ದ ಕಾಲದ್ದು. ೨೦೧೬ರ ಕಾಯದೆಯು ೨೧ ಬಗೆಗಳನ್ನು ಒಪ್ಪಿದೆ. ಇದಲ್ಲದೆ ಇಳಿಜಾರಿನ ಉಪಯೋಗವು ಅವರೊಬ್ಬರಿಗೇ ಆಗುವದೇ? ಏಳು ತಿಂಗಳ ಬಸುರಿ, ಮೊಣಕಾಲು ನೋವಿನ ಅಜ್ಜ, ಶಸ್ತ್ರಕ್ರಿಯೆಯಾಗಿ ಮನೆಗೆ ಮರಳುವ ರೋಗಿ, ಇಂಡಿಯ ಲಿಂಬೆಹಣ್ಣಿನ ಚೀಲವನ್ನು ಹೊತ್ತ ರೈತ, ಎಲ್ಲರೂ ಅದರ ಮೇಲೆಯೇ ನಡೆಯುವರು. ಗಟ್ಟಿಮುಟ್ಟಾದ ಯುವಕನಿಗಾಗಿ ಕಟ್ಟಿದ ನಿಲ್ದಾಣವು ಅವನೊಬ್ಬನಿಗೇ ಉಪಯೋಗವಾಗುವದು. ದುರ್ಬಲನಿಗಾಗಿ ಕಟ್ಟಿದ್ದು ಎಲ್ಲರಿಗೂ ಆಗುವದು. ಇನ್ನು ಆ ಯುವಕನೂ, ಆಯುಷ್ಯವಿದ್ದರೆ, ಒಂದು ದಿನ ಮುದುಕನಾಗತಕ್ಕವನೇ.

ಹಣದ ಮಾತು ಬಂದರೆ, ಕರ್ನಾಟಕದಲ್ಲಿ ಪ್ರತಿಯೊಂದು ವಿಧಾನಸಭಾ ಕ್ಷೇತ್ರಕ್ಕೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ ೨ ಕೋಟಿ ರೂಪಾಯಿಗಳಿವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇವು ನಾಲ್ಕೂ ಕ್ಷೇತ್ರಗಳ ಹೆಸರುಗಳೂ ಆಗಿವೆ. ಹೊಸ ತಂಗುದಾಣಕ್ಕೆ ಹಣ ಕೊಡುವಾಗ, ಇಳಿಜಾರು, ನೆಲ, ದೀಪ, ಹೆಸರುಹಲಗೆ ಇವಿಲ್ಲದ ನಕಾಶೆಗೆ ಮಂಜೂರಿಯಿಲ್ಲವೆಂಬ ಒಂದು ಕರಾರನ್ನು ಜಿಲ್ಲ��ಡಳಿತವು ಹಾಕಿದರೆ ಹೆಚ್ಚಿನ ಖರ್ಚಿಲ್ಲದೆ ಅರ್ಧ ಕೆಲಸವು ಆದಂತೆಯೇ. ಕಟ್ಟುವಾಗಲೇ ಸರಿಯಾಗಿ ಕಟ್ಟಿದರೆ ಅಲ್ಪ. ಕಟ್ಟಿದ ಮೇಲೆ ಒಡೆದು ಸರಿಪಡಿಸಿದರೆ ಅಧಿಕ.

ಇಂಥದು ನಮ್ಮ ಭಾಗದಲ್ಲಿ ಆಗದ ಮಾತೆಂದು ಹೇಳುವವರು ಹುಬ್ಬಳ್ಳಿಯ ವರೆಗೆ ಹೋಗಿಬರಲಿ. ಹುಬ್ಬಳ್ಳಿ–ಧಾರವಾಡಗಳ ನಡುವೆ ೨೦೧೮ರಲ್ಲಿ ಸಂಚಾರ ಪ್ರಾರಂಭಿಸಿದ ಶೀಘ್ರ ಬಸ್ ವ್ಯವಸ್ಥೆಯಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟಕ್ಕೆ ಬರುವಂತೆ ಯೋಜಿಸಿದ್ದಾರೆ. ಅಲ್ಲಿ ಮೆಟ್ಟಿಲೇರುವ ಕಷ್ಟವೇ ಇಲ್ಲ. ಬ್ರಾಝಿಲ ದೇಶದ ಕುರಿಟಿಬಾ ನಗರವು ೧೯೯೧ರಲ್ಲಿ ಕೊಳವೆಯಾಕಾರದ ನಿಲ್ದಾಣಗಳಿಂದ ಮಾಡಿ ತೋರಿಸಿದ್ದು ಇದನ್ನೇ. ಸಿಂದಗಿಯ ಕ್ರಾಸಿನಲ್ಲಿ ಅಂಥ ಮಂದಿರವನ್ನು ಕಟ್ಟಬೇಕೆಂದು ಯಾರೂ ಕೇಳುತ್ತಿಲ್ಲ. ಅಲ್ಲಿ ಕೋಟಿಗಟ್ಟಲೆ ವೆಚ್ಚದಿಂದ ಸಾಧಿಸಿದ ತತ್ತ್ವವನ್ನು ಇಲ್ಲಿ ಒಂದು ಗೇಣು ಕಟ್ಟೆ, ನಾಲ್ಕು ಬುಟ್ಟಿ ಗರಸು, ಒಂದು ದೀಪಗಳಿಂದ ಅಂಶತಃ ಸಾಧಿಸಬಹುದೆಂಬದೇ ನಮ್ಮ ಮಾತು.

ಕೊನೆಗೆ ನಮ್ಮ ಸೂಚನೆಗಳು ಮೂರು. ಒಂದು: ಪ್ರತಿ ತಾಲೂಕಿನಲ್ಲಿ ಬಸ್ಸು ನಿಲ್ಲುವ ಎಲ್ಲ ಸ್ಥಳಗಳ ಒಂದು ದಫ್ತರವಾಗಲಿ, ಒಂದೊಂದು ನಿಲುಗಡೆಗೂ ಒಬ್ಬ ಜವಾಬುದಾರ ಅಧಿಕಾರಿಯ ಹುದ್ದೆಯು ಅದರಲ್ಲಿ ನಮೂದಾಗಲಿ, ಅದನ್ನೇ ತಂಗುದಾಣದ ಗೋಡೆಯ ಮೇಲೂ ಬರೆಯಲಿ. ಎರಡು: ಮೊದಲನೆಯ ವರ್ಷದಲ್ಲಿ ತಾಲೂಕ ಸ್ಥಳದ ನಿಲ್ದಾಣವನ್ನೂ ಶಾಲೆ, ಆಸ್ಪತ್ರೆ, ಸಂತೆಗಳಿರುವ ಹತ್ತು ಕ್ರಾಸುಗಳನ್ನೂ ಆರಿಸಿಕೊಂಡು ಸರಿಪಡಿಸಲಿ, ಅದರ ಪ್ರಗತಿಯನ್ನು ಕೆ.ಡಿ.ಪಿ. ಸಭೆಯಲ್ಲಿ ಪ್ರತಿ ಸಲ ವಿಚಾರಿಸಲಿ. ಮೂರು: ನಕಾಶೆಗೆ ಸಹಿ ಹಾಕುವ ಮುಂಚೆ ಊರುಗೋಲಿನವನೊಬ್ಬನನ್ನೂ ಕಣ್ಣು ಕಾಣದವನೊಬ್ಬನನ್ನೂ ಕೂಸಿನ ತಾಯಿಯೊಬ್ಬಳನ್ನೂ ಕರೆದು ಆ ಸ್ಥಳದಲ್ಲಿ ನಡೆಸಿ ನೋಡಲಿ. ಅವರು ಎಡವಿದಲ್ಲಿ ನಕಾಶೆಯು ಎಡವಿದೆಯೆಂದು ತಿಳಿಯಬೇಕು.

ಅಧಿಕಾರಿವರ್ಗಕ್ಕೆ ನಮ್ಮದೊಂದು ವಿನಯಪೂರ್ವಕ ಬಿನ್ನಹವೂ ಉಂಟು. ಮುಂದಿನ ಮೇ ತಿಂಗಳಲ್ಲಿ ಒಂದು ದಿನ ಜೀಪನ್ನು ಮನೆಯಲ್ಲಿ ಬಿಟ್ಟು, ಮುದ್ದೇಬಿಹಾಳದಿಂದ ವಿಜಯಪುರಕ್ಕೆ, ಇಲ್ಲವೆ ಸಿಂದಗಿಯಿಂದ ಇಂಡಿಗೆ, ತಮ್ಮ ವೃದ್ಧ ತಾಯಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಬರಬೇಕು. ಅಂದು ಸಾಯಂಕಾಲ ಆ ತಾಯಿಯು ಹೇಳುವ ಮಾತುಗಳು ಯಾವ ಸಮಿತಿಯ ವರದಿಗಿಂತಲೂ ಚೆನ್ನಾಗಿ ವಿಷಯವನ್ನು ತಿಳಿಸುವವು. ಮನುಷ್ಯ ಮನುಷ್ಯರಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಮಹಾತ್ಮನು ಹುಟ್ಟಿದ ಬಾಗೇವಾಡಿಯು ಈ ನಾಲ್ಕು ತಾಲೂಕುಗಳಲ್ಲಿ ಒಂದು. ಅವನ ಊರಿಗೆ ಬರುವ ಬಸ್ಸನ್ನು ಏರಲು ಕೆಲವರಿಗೆ ಮಾತ್ರ ಸಾಧ್ಯವಿದ್ದರೆ, ನಾವು ಅವನ ಹೆಸರನ್ನು ಉಚ್ಚರಿಸುವದರ ಫಲವೇನು? ಹಳೆಯ ಅಗಸೆಯ ಬಾಗಿಲನ್ನು ರಾತ್ರಿಯಲ್ಲಿ ಮಾತ್ರ ಮುಚ್ಚುತ್ತಿದ್ದರು, ಅದೂ ಶತ್ರುಗಳ ಭಯದಿಂದ. ನಮ್ಮ ಹೊಸ ಅಗಸೆಯು ಹಾಡಹಗಲಿನಲ್ಲಿ ನಮ್ಮವರಿಗೇ ಮುಚ್ಚಿರಬಾರದು.